ಕ್ಲಚ್ಚಿಲ್ಲದ ಗಾಡಿಯಲ್ಲಿ ರಾಮದುರ್ಗಕ್ಕೆ

ನಮ್ಮ ಮನೆಯ ಪಿಕಪ್ ಗಾಡಿಯನ್ನು ಓಡಿಸುವವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕಾರ ಎಂದು ಕರೆಯುತ್ತೇನೆ, ಎದುರಿಗೆ ಬಹುವಚನದಲ್ಲೇ ಮಾತಾಡುತ್ತೇನೆ. ಬರೆಯಲು ಕೂತಾಗ ಮಾತ್ರ ಏಕವಚನವೇ ಬರುತ್ತದೆ. ಮದುವೆಯಾಗಿ ಬಂದಾಗಿನಿಂದ ಒಂದೇ ಒಲೆಯ ಎರಡು ಮಗ್ಗಲಿಗೆ ಕೂತವರು ನಾವು. ಅಷ್ಟು ಸಲಿಗೆ ನನಗೆ ಸಲ್ಲುತ್ತದೆ.

ಬೈಲಹೊಂಗಲದಲ್ಲಿ ನಮ್ಮದು ರೊಟ್ಟಿ ಬಡಿಯುವ ಮನೆ. ಮದುವೆ, ಗೃಹಪ್ರವೇಶ, ಖಾನಾವಳಿ, ಯಾರು ಹೇಳಿಕಳಿಸಿದರೂ ಜೋಳದ ಕಡಕ್ ರೊಟ್ಟಿ ಮಾಡಿ ಮುಟ್ಟಿಸುತ್ತೇವೆ. ಓಣಿಯ ಹೆಂಗಸರು ನಸುಕಿಗೇ ಬಂದು ಬಡಿಯಲು ಕೂರುತ್ತಾರೆ. ಬಡಿಯುವುದು ನಮಗೆ ಕಷ್ಟವಲ್ಲ, ಒಯ್ಯುವುದು ಕಷ್ಟ. ಕಡಕ್ ರೊಟ್ಟಿ ಹಪ್ಪಳಕ್ಕಿಂತ ನಾಜೂಕು. ಗಾಡಿ ಒಮ್ಮೆ ಜಗ್ಗಿದರೆ ಬುಟ್ಟಿಯ ತಳದಿಂದ ನುಚ್ಚಾಗುತ್ತ ಬರುತ್ತದೆ. ಅದಕ್ಕೇ ಗಾಡಿಯ ಹಿಂದೆ ಹಳೆಯ ಕೌದಿಗಳನ್ನು ಮಡಿಸಿ ಹಾಸಿ, ಅದರ ಮೇಲೆ ಬುಟ್ಟಿ ಇಟ್ಟು, ಬುಟ್ಟಿಗಳ ಸಂದಿಗೆ ಮತ್ತೆ ಕೌದಿ ತುರುಕುತ್ತೇವೆ. ಬಾಣಂತಿಗೆ ಹಾಸಿಗೆ ಹಾಸಿದ ಹಾಗೆ.

ಗಾಡಿ ಹೊಸದಲ್ಲ. ಸವದತ್ತಿಯ ತರಕಾರಿ ವ್ಯಾಪಾರಿಯೊಬ್ಬರಿಂದ ಅಕ್ಕನ ಗಂಡ, ನಮ್ಮ ಭಾವನವರು ತಂದದ್ದು. ಅವರಿಗಿಂತ ಮೊದಲು ಶಾಮಿಯಾನದವರ ಕೈಯಲ್ಲಿತ್ತಂತೆ. ಬಂದ ಮೊದಲ ವರ್ಷ ಅದು ಮಾಡಿದ ಆಟಗಳು ಒಂದೆರಡಲ್ಲ. ಒಮ್ಮೆ ಇಂಜಿನ್ ಚಾಲೂ ಮಾಡುವ ಸೆಲ್ಫ್ ಹೋಯಿತು, ಒಮ್ಮೆ ಚಕ್ರದ ಮೇಲಿನ ಪಾಟಾ ಮುರಿಯಿತು, ಒಮ್ಮೆ ಸಂಪಗಾಂವದ ಹತ್ತಿರ ಇಂಜಿನ್ನು ಉಗಿಬಂಡಿಯ ಹಾಗೆ ಹೊಗೆಯಾಡಿತು. ಭಾವನವರು ಗ್ಯಾರೇಜಿಗೆ ಹೋದರೆ ಊಟದ ಡಬ್ಬಿ ಒಯ್ದು ಕೊಡುವ ಕೆಲಸ ನನ್ನದು. ಅಲ್ಲಿ ಊರಿನ ಪಿಕಪ್ ಮಾಲಕರೆಲ್ಲ ನಿಂತಿರುತ್ತಿದ್ದರು. ಒಬ್ಬರ ಗಾಡಿಯ ಚಕ್ರ ಬಿಚ್ಚಿದೆ, ಇನ್ನೊಬ್ಬರದರ ಇಂಜಿನ್ ನೆಲದ ಮೇಲೆ ಗೋಣೀಚೀಲದ ಮೇಲಿದೆ, ಆದರೂ ಒಬ್ಬೊಬ್ಬರೂ, “ನನ್ನ ಗಾಡಿ ಒಂದ್ ದಿನಾನೂ ಕೈ ಕೊಟ್ಟಿಲ್ರಿ” ಎನ್ನುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ತಿಳಿಯಿತು, ಅವರು ಸುಳ್ಳು ಹೇಳುತ್ತಿಲ್ಲ. ಮನೆಯವರ ಜಡ್ಡನ್ನು ಹೊರಗಿನವರ ಮುಂದೆ ಹೇಳಿಕೊಳ್ಳಬಾರದು ಎಂಬ ಭಾವನೆ ಅದು.

ಎರಡನೆಯ ವರ್ಷದಿಂದ ಗಾಡಿ ಸುಧಾರಿಸಿತು. ಅಷ್ಟರಲ್ಲಿ ಭಾವನವರ ಬೆನ್ನು ಹಿಡಿಯಿತು. ಡಾಕ್ಟರು ಗಾಡಿ ಓಡಿಸಬಾರದು ಎಂದರು. ಮಾರುವ ಮಾತು ಎದ್ದಾಗ ಅಕ್ಕ ಹಿಟ್ಟು ನಾದುತ್ತಲೇ, “ಮಾರೂದ್ಯಾಕ? ನಾ ಹೊಡೀತೇನಿ” ಎಂದಳು. ಅವಳ ತವರು ಕಿತ್ತೂರಿನ ಹತ್ತಿರದ ಒಂದು ಹಳ್ಳಿ. ಅಪ್ಪನ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿ ಓಡಿಸಿ ಬೆಳೆದವಳು. ಅದು ನಮಗೆ ಗೊತ್ತಿತ್ತು. ಆ ಟ್ರ್ಯಾಕ್ಟರ್ ಎಂಥದಿತ್ತು ಎಂದು ಮಾತ್ರ ನಾವ್ಯಾರೂ ಕೇಳಿರಲಿಲ್ಲ. ಲೈಸೆನ್ಸ್ ಮಾಡಿಸಿಕೊಂಡು ಬಂದು ಚಾವಿ ಕೈಗೆ ತೆಗೆದುಕೊಂಡಳು.

ನಾನು ಹೇಳಬೇಕೆಂದಿರುವುದು ರಾಮದುರ್ಗದ ಒಂದು ಮದುವೆಗೆ ಹೋದ ದಿನದ ಸಂಗತಿ. ಬೇಸಿಗೆಯ ಲಗ್ನಸರಾಯಿ, ಊರೂರಿಗೆ ಮದುವೆಗಳ ಕಾಲ. ಹೊತ್ತೇರಿದ ಮೇಲೆ ಬಿಸಿಲಿಗೆ ಬುಟ್ಟಿಗಳು ಕಾಯುತ್ತವೆಂದು ಬೆಳಗಾಗುತ್ತಲೇ ಹೊರಟಿದ್ದೆವು. ಹಿಂದೆ ತಾಡಪತ್ರಿ ಬಿಗಿದಿತ್ತು. ಮುಂದೆ ನಾನು, ಅಕ್ಕ, ನಡುವೆ ಒಂದು ಡಬ್ಬಿ ಶೇಂಗಾ ಚಟ್ನಿ.

ಮುರಗೋಡ ದಾಟಿ ಸ್ವಲ್ಪ ದೂರ ಹೋದ ಮೇಲೆ ರಸ್ತೆಗೆ ಅಡ್ಡ ಒಂದು ಉಬ್ಬು ಬಂತು. ಅಕ್ಕ ಗೇರು ಇಳಿಸಲು ಕ್ಲಚ್ ಒತ್ತಿದಳು. ಕಾಲಬುಡದಲ್ಲಿ ಟಪ್ ಎಂದು ಸಪ್ಪಳವಾಯಿತು. ಕ್ಲಚ್ಚಿನ ಪೆಡಲು ನೆಲಕ್ಕೆ ಹೋಗಿ ಅಲ್ಲೇ ಮಲಗಿತು.

“ಹರೀತು” ಎಂದಳು.

“ಏನ್ ಹರೀತ್ರಿ ಅಕ್ಕಾರ?”

“ಕ್ಲಚ್ಚಿನ ವೈರು.”

ಅಷ್ಟು ಹೇಳುವುದರೊಳಗೆ ಅವಳ ಎಡಗೈ ಗೇರನ್ನು ನ್ಯೂಟ್ರಲ್ಲಿಗೆ ಎಳೆದಿತ್ತು. ಗಾಡಿ ಉಬ್ಬನ್ನು ಮೆಲ್ಲಗೆ ಹತ್ತಿ ಇಳಿಯಿತು. ಅವಳು ಕೂಡಲೇ ನಿಲ್ಲಿಸಲಿಲ್ಲ. ಉರುಳುವಷ್ಟು ಉರುಳಲು ಬಿಟ್ಟು, ಮುಂದೆ ರಸ್ತೆ ಇಳಿಜಾರಾಗುವ ಜಾಗ ನೋಡಿ, ಅದರ ನೆತ್ತಿಯ ಮೇಲೆ ಒಂದು ಬೇವಿನ ಗಿಡದ ನೆರಳಿಗೆ ತಂದು ನಿಲ್ಲಿಸಿದಳು. ಅಲ್ಲೇ ಯಾಕೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಇಬ್ಬರೂ ಇಳಿದು ಬಗ್ಗಿ ನೋಡಿದೆವು. ವೈರು ಕುದುರೆಬಾಲದ ಹಾಗೆ ಎಳೆಎಳೆ ಬಿಚ್ಚಿಕೊಂಡು ಜೋತಾಡುತ್ತಿತ್ತು. ಬೈಲಹೊಂಗಲದ ಗ್ಯಾರೇಜಿನ ಮಿಸ್ತ್ರಿಗೆ ಫೋನ್ ಹಚ್ಚಿದರೆ ಅವನು ಕಿತ್ತೂರಿನ ದಾರಿಯಲ್ಲಿ ಯಾವುದೋ ಕೆಟ್ಟ ಲಾರಿಯ ಕೆಳಗಿದ್ದ. ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದ. ಬೇರೆ ಗಾಡಿ ಕರೆಸೋಣವೇ ಎಂದು ನಾನು ಕೇಳಿದೆ.

“ಲಗ್ನಸರಾಯಿ ಐತಿ, ಯಾರ ಗಾಡಿ ಖಾಲಿ ಸಿಗತೈತಿ? ಸಿಕ್ಕರೂ ಬುಟ್ಟಿ ಇಳಸಿ ಏರಸೂದ್ರಾಗ ಅರ್ಧ ರೊಟ್ಟಿ ಮುರೀತಾವು” ಎಂದಳು.

ಅಷ್ಟರಲ್ಲಿ ಮದುವೆಯ ಮನೆಯ ಯಜಮಾನರ ಫೋನು ಬಂತು. ರೊಟ್ಟಿ ಎಲ್ಲಿಗೆ ಬಂದಿವೆ ಎಂದು ಅವರು ಕೇಳುವುದು ನನಗೂ ಕೇಳಿಸುತ್ತಿತ್ತು.

“ಮುರಗೋಡ ದಾಟೇವ್ರಿ. ಬರಾಕತ್ತೇವ್ರಿ” ಎಂದು ಅಕ್ಕ ಫೋನು ಇಟ್ಟಳು. ಸೆರಗನ್ನು ಸೊಂಟಕ್ಕೆ ಬಿಗಿದಳು.

“ಅಕ್ಕಾರ, ಕ್ಲಚ್ ಇಲ್ದ ಗಾಡಿ ಹೆಂಗ ಹೊಕ್ಕೈತ್ರಿ?”

“ನಮ್ಮಪ್ಪನ ಟ್ರ್ಯಾಕ್ಟರಿಗೆ ಕ್ಲಚ್ ಇತ್ತಂತ ಯಾರ್ ಹೇಳಿದ್ರು ನಿನಗ? ಇದ್ದದ್ದು ಹೆಸರಿಗಷ್ಟ. ಬ್ರೇಕ್ ಐತಿ, ಸ್ಟೇರಿಂಗ್ ಐತಿ. ನಿಲ್ಲಾಕ ಏನೂ ಅಡ್ಡಿ ಇಲ್ಲ. ನಿಂತಾಕಿ ಎದ್ದು ಹೊಂಡಾಕಷ್ಟ ತ್ರಾಸು. ಅದಕ್ಕ ನಿಲ್ಲೂದ ಬ್ಯಾಡ. ಹತ್ತು ತಂಗಿ. ಮಾತಾಡಬ್ಯಾಡ ಮತ್ತ, ನನಗ ಇಂಜಿನ್ ಕೇಳಬೇಕು.”

ಬಾಗಿಲು ಹಾಕಿಕೊಂಡೆ. ಇಂಜಿನ್ ಚಾಲೂ ಇತ್ತು. ಅಕ್ಕ ಹ್ಯಾಂಡ್‌ಬ್ರೇಕ್ ಇಳಿಸಿದಳು. ಗಾಡಿ ತನ್ನ ತೂಕಕ್ಕೆ ತಾನೇ ಇಳಿಜಾರಿನಲ್ಲಿ ಜಾರತೊಡಗಿತು. ಮೊದಲು ನಡೆಯುವವರ ಹಾಗೆ, ಆಮೇಲೆ ಓಡುವವರ ಹಾಗೆ. ಅವಳ ಬಲಗಾಲು ಎಕ್ಸಲೇಟರನ್ನು ಒಂದಿಷ್ಟು ಒತ್ತಿ ಬಿಡುತ್ತಿತ್ತು. ಇಂಜಿನ್ನಿನ ದನಿ ಏರುವುದು, ಇಳಿಯುವುದು. ಅವಳು ತಲೆಯನ್ನು ಸ್ವಲ್ಪ ಓರೆ ಮಾಡಿ ಕೇಳುತ್ತಿದ್ದಳು. ತೊಟ್ಟಿಲ ಕೂಸು ನಿದ್ದೆಹೋಯಿತೋ ಇಲ್ಲವೋ ಎಂದು ಒಳಕೋಣೆಯಿಂದ ಕಿವಿಗೊಡುವ ಹಾಗೆ. ಒಂದು ಗಳಿಗೆಗೆ ಇಂಜಿನ್ನಿನ ದನಿಯೂ ಚಕ್ರದ ದನಿಯೂ ಒಂದೇ ಆದಂತೆ ನನಗೂ ಅನಿಸಿತು. ಅದೇ ಗಳಿಗೆಗೆ ಅವಳ ಎರಡು ಬೆರಳು ಗೇರಿನ ಗುಂಡನ್ನು ಮುಂದಕ್ಕೆ ಸರಿಸಿದವು. ಒತ್ತಲಿಲ್ಲ, ನೂಕಲಿಲ್ಲ. ಗೇರು ಬೆಣ್ಣೆಯಲ್ಲಿ ಬೆರಳು ಇಳಿದಂತೆ ಇಳಿಯಿತು. ಕಟ್ ಎನ್ನಲಿಲ್ಲ, ಕರ್ರ್ ಎನ್ನಲಿಲ್ಲ. ಗಾಡಿ ಹೊರಟಿತ್ತು.

ಗಾಡಿಯಲ್ಲಿ ಕೂತು ಎಷ್ಟು ಸಲ ಓಡಾಡಿದ್ದೆ. ಗೇರು ಹಾಕುವುದು ನನ್ನ ಲೆಕ್ಕಕ್ಕೆ ಬಾಗಿಲ ಚಿಲಕ ಹಾಕಿದಷ್ಟೇ ಕೆಲಸವಾಗಿತ್ತು. ಈಗ ನೋಡಿದರೆ ಆ ಕಬ್ಬಿಣದ ಪೆಟ್ಟಿಗೆಯೊಳಗೆ ಎರಡು ಗಾಲಿಗಳು ತಿರುಗುತ್ತಿವೆ, ಎರಡರ ಓಟ ಸರಿಸಮ ಆಗುವವರೆಗೆ ಒಂದರ ಹಲ್ಲಿಗೆ ಇನ್ನೊಂದರ ಹಲ್ಲು ಕೂಡುವುದಿಲ್ಲ, ಅದನ್ನು ಹೊರಗೆ ಕೂತ ಒಬ್ಬ ಹೆಂಗಸು ಕಿವಿಯಿಂದ ತಿಳಿದು ಕೂಡಿಸುತ್ತಿದ್ದಾಳೆ. ಎರಡನೆಯದು, ಮೂರನೆಯದು, ನಾಲ್ಕನೆಯದು, ಎಲ್ಲವೂ ಹಾಗೆಯೇ ಕೂತವು. ನಾನು ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅವೇ ಬೆರಳುಗಳು ಹಿಂದಿನ ದಿನ ರೊಟ್ಟಿಯ ಅಂಚು ತಿದ್ದಿದ್ದವು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮಾತಾಡಿದಳು. “ಯರಗಟ್ಟಿ ಕ್ರಾಸಿನ್ಯಾಗ ಏನ್ ಮಾಡೂದು?”

ಯರಗಟ್ಟಿಯ ಕ್ರಾಸಿನಲ್ಲಿ ನಾಲ್ಕೂ ದಿಕ್ಕಿನಿಂದ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರು. ಅಲ್ಲಿ ನಿಲ್ಲದೆ ಹೋದವರಿಲ್ಲ. ನನ್ನ ಚಿಕ್ಕಪ್ಪನ ಮಗ, ತಮ್ಮನೊಬ್ಬ, ಅಲ್ಲಿ ಟಂಟಂ ಆಟೋ ಓಡಿಸುತ್ತಾನೆ. ಅವನಿಗೆ ಫೋನ್ ಹಚ್ಚಿ ಸಂಗತಿ ಹೇಳಿದೆ.

“ನಿಲ್ಲಂಗ ಇಲ್ಲಂದ್ರ ಏನ ಅಕ್ಕಾ? ಬ್ರೇಕ್ ಫೇಲ್ ಆಗೇತೇನ?” ಎಂದು ಅವನು ಗಾಬರಿಯಾದ.

“ಬ್ರೇಕ್ ಐತೋ ಮಾರಾಯಾ. ನಿಂತ್ರ ಮತ್ತ ಹೊಂಡಾಕ ಬರಂಗಿಲ್ಲ. ಹಿಂದ ರೊಟ್ಟಿ ಅದಾವು. ಒಂದೀಟು ದಾರಿ ಬಿಡಸು.”

ಊರು ಹತ್ತಿರ ಬಂದಂತೆ ಅಕ್ಕ ವೇಗ ಇಳಿಸಿ ಮತ್ತೆ ಅದೇ ಕಿವಿಯಿಂದ ಎರಡನೆಯ ಗೇರಿಗೆ ತಂದಳು. ಕ್ರಾಸು ಕಣ್ಣಿಗೆ ಬಿತ್ತು. ನಾನು ನೋಡಿದ್ದನ್ನು ಈಗಲೂ ನಂಬಲಾರೆ. ಉಳಿದ ಮೂರು ಕಡೆಯಿಂದ ಬರುವ ಗಾಡಿಗಳಿಗೂ ಟಂಟಂಗಳು ಅಡ್ಡ ನಿಂತಿದ್ದವು. ಅವುಗಳ ಹಿಂದೆ ಒಂದು ಬಸ್ಸು, ಅದರ ಕಿಟಕಿಗಳ ತುಂಬ ತಲೆಗಳು. ನನ್ನ ತಮ್ಮ ರಸ್ತೆಯ ನಡುವೆ ಹೆಗಲ ಮೇಲಿನ ಟಾವೆಲ್ ಬೀಸುತ್ತ, “ಬರ್ರಿ, ಬರ್ರಿ, ಹಂಗ ಬರ್ರಿ!” ಎಂದು ಕೂಗುತ್ತಿದ್ದ. ಯಾರೋ ಸಿಳ್ಳೆ ಹೊಡೆದರು. ಬಸ್ಸಿನ ಡ್ರೈವರು ಸಿಟ್ಟಾಗಿರುತ್ತಾರೆ ಎಂದು ನಾನು ಅತ್ತ ನೋಡಿದರೆ, ಅವರು ಸ್ಟೇರಿಂಗ್ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿ, ಬಾಯಿ ಬಿಟ್ಟುಕೊಂಡು ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ಯಾರ ಕಡೆಗೂ ನೋಡಲಿಲ್ಲ. ದಾಟಿದ ಮೇಲೆ ಮಾತ್ರ, “ನಿನ್ನ ತಮ್ಮಗ ಒಂದ್ ಗಂಟು ರೊಟ್ಟಿ ಕೊಡಬೇಕು” ಎಂದಳು.

ಕಟಕೋಳ ಇನ್ನೂ ಮುಂದಿತ್ತು, ಅಷ್ಟರಲ್ಲಿ ಕುರಿಗಳು ಬಂದವು. ಒಂದು ಸಣ್ಣ ಏರಿನ ನಡುವೆ ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಕುರಿಯೋ ಕುರಿ. ಟಂಟಂಗಳಿಗೆ ಹೇಳಿದ ಹಾಗೆ ಕುರಿಗಳಿಗೆ ಹೇಳಲಾಗುವುದಿಲ್ಲ. ಅಕ್ಕ ಹಾರ್ನ್ ಕೂಡ ಮಾಡಲಿಲ್ಲ. ಗೇರು ತೆಗೆದು ಬ್ರೇಕ್ ಒತ್ತಿ ನಿಲ್ಲಿಸಿದಳು. ಕುರಿಗಳು ಗಾಡಿಯ ಎರಡೂ ಬದಿಗೆ ಹೊಳೆಯಂತೆ ಹರಿದುಹೋದವು.

“ಈಗ ಹೆಂಗ್ರಿ?”

“ಗೇರಿನ್ಯಾಗ ಹಾಕಿ ಸೆಲ್ಫ್ ಹೊಡದ್ರ ಗಾಡಿ ಹೊಂಡತೈತಿ. ಆದ್ರ ಒಮ್ಮೆ ಜಿಗೀತೈತಿ. ಜಿಗದ್ರ ರೊಟ್ಟಿ ಹೋದ್ವು.” ಕುರಿಗಳ ಹಿಂದೆ ಬರುತ್ತಿದ್ದ ಕುರುಬರನ್ನು ನೋಡಿದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕರೆದಳು. “ಯಜ್ಜಾ, ಒಂದೀಟು ಬರ್ರಿ ಇಲ್ಲಿ.”

ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದ ಮುದುಕನೊಬ್ಬ ಬಂದ. “ಏನಾಗೇತಿ ತಾಯಿ ಗಾಡಿಗಿ?”

“ಕಾಲು ಮುರದಂಗ ಆಗೇತ್ರಿ. ನಡಿಯಾಕ ಬರತೈತಿ, ಏಳಾಕ ಬರವಲ್ದು. ನಾಕ್ ಮಂದಿ ದೂಡಿದ್ರ ಹೊಕ್ಕೈತಿ.”

ಮುದುಕ ಗಾಡಿಯ ಮುಂದಿನ ಚಕ್ರವನ್ನು ಬಗ್ಗಿ ನೋಡಿದ. “ಕುರಿ ಆಗಿದ್ರ ಬಿದಿರ ದಬ್ಬಿ ಕಟ್ಟಿ ಪಟ್ಟಿ ಸುತ್ತತಿದ್ದೆ. ಇದಕ್ಕ ದೂಡೂದ ಔಷಧ ಏನು?” ಎಂದು ನಕ್ಕು, ತನ್ನ ಕಡೆಯವರನ್ನು ಕೂಗಿ ಕರೆದ.

ನಾನೂ ಇಳಿದೆ. ದೂಡುವವರಲ್ಲಿ ಒಬ್ಬಳು ಹೆಚ್ಚಾದರೆ ಒಳ್ಳೆಯದೇ ಎಂದುಕೊಂಡೆ. ಗಾಡಿ ಮೊದಲು ಬಂಡೆಯ ಹಾಗೆ ಕೂತೇ ಇತ್ತು. ಆಮೇಲೆ ಒಂದು ಗೇಣು ಸರಿಯಿತು. ಮತ್ತೆ ಒಂದು ಮೊಳ. ಏರಿನ ನೆತ್ತಿ ಹತ್ತಿರವೇ ಇತ್ತು. ಕುರುಬರು “ಹೂಂ... ಹೂಂ...” ಎಂದು ಒಂದೇ ದನಿಯಲ್ಲಿ ನೂಕಿದರು. ನನ್ನ ಬಳೆಗಳು ಗಾಡಿಯ ಹಿಂಬದಿಯ ತಗಡಿಗೆ ಬಡಿದು ಒಂದೆರಡು ಒಡೆದವು. ಗಾಡಿ ಉರುಳಿತು, ಇಂಜಿನ್ನಿನ ದನಿ ಬದಲಾಯಿತು, ಅಕ್ಕ ಗೇರು ಕೂಡಿಸಿದ್ದು ಗಾಡಿಯ ಹಿಂದೆ ನಿಂತ ನನಗೂ ತಿಳಿಯಿತು. ಎಲ್ಲರೂ ಹೋ ಎಂದರು. ನಾನೂ ಹೋ ಎಂದೆ.

ಆಗಲೇ ನೆನಪಾದದ್ದು, ಗಾಡಿ ಇನ್ನು ನಿಲ್ಲುವುದಿಲ್ಲ. ನಾನು ಹೊರಗಿದ್ದೇನೆ.

“ಹತ್ತು ತಂಗಿ, ಹತ್ತು!” ಎಂದು ಅಕ್ಕ ಎಡಬಾಗಿಲನ್ನು ಕೈಚಾಚಿ ತೆರೆದು ಕೂಗಿದಳು. ನಾನು ಚಪ್ಪಲಿ ಅಲ್ಲೇ ಬಿಟ್ಟೆ. ಸೀರೆಯ ನಿರಿಗೆ ಒಂದು ಕೈಯಲ್ಲಿ ಹಿಡಿದು ಓಡಿದೆ. ಶಾಲೆಗೆ ಹೋಗುವಾಗ ಓಡಿದ್ದು ಬಿಟ್ಟರೆ ಓಡಿ ಗೊತ್ತಿರಲಿಲ್ಲ. ಬಾಗಿಲ ಹಿಡಿಕೆ ಸಿಕ್ಕಿತು, ಕಾಲು ಸಿಗಲಿಲ್ಲ. ಹಿಂದಿನಿಂದ ಆ ಮುದುಕ ಕೋಲನ್ನು ಅಡ್ಡ ಹಿಡಿದು ನನ್ನ ಬೆನ್ನಿಗೆ ಕೊಟ್ಟು ಎತ್ತಿ ಒಳಗೆ ತಳ್ಳಿದ. ಮರಿಯನ್ನು ಬೇಲಿ ದಾಟಿಸುವ ಹಾಗೆ. ಸೀಟಿನ ಮೇಲೆ ಬೋರಲು ಬಿದ್ದೆ. ಹೊರಗಿನಿಂದ ಯಾರೋ ಎಸೆದ ನನ್ನ ಚಪ್ಪಲಿಗಳಲ್ಲಿ ಒಂದು ಹಾರಿ ಬಂದು ಕಾಲಬುಡಕ್ಕೆ ಬಿತ್ತು, ಇನ್ನೊಂದು ಬರಲಿಲ್ಲ. ಅಕ್ಕ ಮುಂದೆ ನೋಡುತ್ತಲೇ ಇದ್ದಳು, ಅವಳ ಹೊಟ್ಟೆ ಮಾತ್ರ ನಗೆಯಿಂದ ಕುಣಿಯುತ್ತಿತ್ತು.

ರಾಮದುರ್ಗದ ಇಕ್ಕಟ್ಟಿನ ಬೀದಿಗಳಲ್ಲಿ ಅವಳು ಹೇಗೆ ತಂದಳು ಎಂದು ನಾನು ಹೇಳಲಾರೆ, ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಕಲ್ಯಾಣಮಂಟಪದ ಹಿಂಬಾಗಿಲ ಮುಂದಿದ್ದೆವು. ಗಾಡಿ ಗೇರು ಬಿಟ್ಟು ತಾನಾಗಿ ಉರುಳುತ್ತ ಹೋಗಿ ಒಲೆಗಳ ಹತ್ತಿರ ಮೆಲ್ಲಗೆ ನಿಂತಿತು. ಅಡುಗೆಯ ಮುಖ್ಯಸ್ಥರು ಬಂದು ಬುಟ್ಟಿಯ ಅರಿವೆ ಸರಿಸಿದರು. ಮೇಲಿನ ರೊಟ್ಟಿ ತೆಗೆದರು, ಅದರ ಕೆಳಗಿನದು, ಅದರ ಕೆಳಗಿನದು. ತಳದವರೆಗೆ ಕೈ ಹಾಕಿದರು. ಅಲ್ಲೊಂದು ಇಲ್ಲೊಂದು ಅಂಚು ಮುರಿದದ್ದು ಬಿಟ್ಟರೆ ರೊಟ್ಟಿಗಳು ಹುಣ್ಣಿಮೆಯ ಚಂದ್ರನಂತೆ ಇಡಿಯಾಗಿದ್ದವು. “ಚಲೋ ತಂದೀರಿ” ಎಂದು ಅವರು ಸಾರಿನ ಕೊಪ್ಪರಿಗೆಯ ಕಡೆ ಹೋದರು. ಅವರಿಗೇನು ಗೊತ್ತು. ನನಗೆ ಅಳು ಬಂತು. ಯಾಕೆಂದು ತಿಳಿಯಲಿಲ್ಲ. ಬುಟ್ಟಿಯ ಹಿಂದೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಗ್ಯಾರೇಜು ಅಲ್ಲೇ ಹತ್ತಿರದಲ್ಲಿತ್ತು. ಮದುವೆಯ ಹುಡುಗರು ದೂಡಿಕೊಟ್ಟರು. ರಾಮದುರ್ಗದ ಮಿಸ್ತ್ರಿ ವಯಸ್ಸಾದವರು. ಹರಿದ ವೈರನ್ನು ನೋಡಿ, “ಎಲ್ಲಿ ಹರೀತ್ರಿ? ಇಲ್ಲೇ ಊರಾಗನ?” ಎಂದು ಕೇಳಿದರು.

“ಮುರಗೋಡದಾಚೆ” ಎಂದಳು ಅಕ್ಕ.

ಮಿಸ್ತ್ರಿ ಅವಳನ್ನು ನೋಡಿದರು, ಗಾಡಿಯನ್ನು ನೋಡಿದರು. ಅಲ್ಲಿ ತಮ್ಮ ಗಾಡಿಗಳೊಂದಿಗೆ ಕಾಯುತ್ತಿದ್ದ ಮಾಲಕರು ಸುತ್ತ ನೆರೆದರು. ಗೇರಿನ ಹಲ್ಲೆಲ್ಲ ಕಿತ್ತಿರುತ್ತವೆ ಎಂದು ಒಬ್ಬರು ಹೇಳಿದರು. ಮಿಸ್ತ್ರಿ ಗಾಡಿಯ ಕೆಳಗೆ ಮಲಗಿ ಗೇರ್‌ಬಾಕ್ಸಿನ ಬಿರಡೆ ಸಡಿಲಿಸಿ ಸ್ವಲ್ಪ ಎಣ್ಣೆಯನ್ನು ಅಂಗೈಗೆ ಹಿಡಿದುಕೊಂಡು ಹೊರಬಂದರು. ಹಲ್ಲು ಕಿತ್ತಿದ್ದರೆ ಆ ಎಣ್ಣೆಯಲ್ಲಿ ಕಬ್ಬಿಣದ ಪುಡಿ ಮಿಂಚಬೇಕಂತೆ. ಅವರು ಎಣ್ಣೆಯನ್ನು ಹೆಬ್ಬೆರಳಿನಿಂದ ತಿಕ್ಕಿದರು, ಬಿಸಿಲಿಗೆ ಹಿಡಿದರು, ಮತ್ತೆ ತಿಕ್ಕಿದರು.

“ಏನೂ ಇಲ್ಲ” ಎಂದರು. “ಜೇನುತುಪ್ಪದಂಗ ಐತಿ. ಒಂದ್ ಕಣಾನೂ ಇಲ್ಲ.”

ಆಮೇಲೆ ಆ ಗ್ಯಾರೇಜಿನಲ್ಲಿ ಮಾತಿನ ಕಟ್ಟೆ ಒಡೆಯಿತು. ಹೊಸ ವೈರು ಹಾಕುವವರೆಗೆ ಒಬ್ಬೊಬ್ಬರೂ ತಮ್ಮ ತಮ್ಮ ಗಾಡಿಯ ಕತೆ ಬಿಚ್ಚಿದರು. ಒಬ್ಬರ ರೇಡಿಯೇಟರ್ ಸವದತ್ತಿಯ ಗುಡ್ಡದ ಮೇಲೆ ಸೋರತೊಡಗಿದಾಗ ಹೆಂಡತಿಯ ಕೈಚೀಲದಲ್ಲಿದ್ದ ಅರಿಷಿಣ ಪುಡಿ ಸುರಿದರಂತೆ, ಸೋರುವುದು ನಿಂತಿತಂತೆ. ಇನ್ನೊಬ್ಬರು ಡೀಸೆಲ್ ಟಾಕಿಯ ಸೀಳಿಗೆ ಮೈ ತೊಳೆಯುವ ಸಾಬೂನು ಮೆತ್ತಿಕೊಂಡು ಬೆಳಗಾವಿ ಮುಟ್ಟಿದ್ದರಂತೆ. ಅಲ್ಲಿ ಯಾರೂ ತಮ್ಮ ಗಾಡಿ ಕೈ ಕೊಟ್ಟಿಲ್ಲ ಎನ್ನಲಿಲ್ಲ. ಅಕ್ಕನ ಮುಂದೆ ಅದನ್ನು ಮುಚ್ಚಿಡುವ ಅಗತ್ಯ ಕಾಣಲಿಲ್ಲವೇನೋ. ನಾನು ತಿರುವಿಹಾಕಿದ ಟೈರಿನ ಮೇಲೆ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಕೂತು ಕೇಳುತ್ತಿದ್ದೆ. ಅರಿಷಿಣ, ಸಾಬೂನು, ಕುರುಬರ ಕೈ, ಟಂಟಂ, ಇವೆಲ್ಲ ಸೇರಿ ಈ ನಮ್ಮ ನಾಲ್ಕು ತಾಲೂಕಿನ ಗಾಡಿಗಳನ್ನು ಓಡಿಸುತ್ತಿವೆ ಎಂಬುದು ಆವತ್ತಿನವರೆಗೆ ನನಗೆ ತಿಳಿದಿರಲಿಲ್ಲ. ಕಾರಖಾನೆಯಿಂದ ಬಂದಾಗ ಅದು ಬರೀ ಗಾಡಿ. ಕೈಯಿಂದ ಕೈಗೆ ದಾಟುತ್ತ, ಒಬ್ಬೊಬ್ಬರ ಬುದ್ಧಿಯನ್ನೂ ಇಷ್ಟಿಷ್ಟು ಉಂಡು ಮುಂದೆ ಹೋಗುತ್ತಿರುತ್ತದೆ.

ಸಂಜೆಗೆ ಮನೆ ಮುಟ್ಟಿದೆವು. ಭಾವನವರು ಕಟ್ಟೆಯ ಮೇಲೆ ಕೂತಿದ್ದರು. ಅಕ್ಕ, “ವೈರ್ ಹರದಿತ್ರಿ, ಹಾಕಿಸಿಕೊಂಡ ಬಂದ್ವಿ” ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಒಳಗೆ ಹೋದಳು.

ಭಾವನವರ ಮುಂದೆ ನಾನು ಹೆಚ್ಚು ಮಾತಾಡುವವಳಲ್ಲ. ಆವತ್ತು ತಡೆಯಲಾಗಲಿಲ್ಲ. ಬೇವಿನ ಗಿಡದಿಂದ ಹಿಡಿದು ಮಿಸ್ತ್ರಿಯ ಅಂಗೈವರೆಗೆ ಎಲ್ಲ ಹೇಳಿದೆ. ಅವರು ಕೇಳಿ ಮುಗಿದ ಮೇಲೆ ಬೆನ್ನು ಹಿಡಿದುಕೊಂಡು ಎದ್ದು, ಒಳಗಿನ ಬಾಗಿಲಿಗೆ ಹೋಗಿ ನಿಂತು ಕೇಳಿದರು.

“ಕ್ಲಚ್ ಇಲ್ದ ಮೂರನೇದರಿಂದ ಎರಡನೇದಕ್ಕ ಹೆಂಗ ಇಳಿಸಿದಿ? ನನಗ ಒಮ್ಮೆಯೂ ಬಂದಿಲ್ಲ ಅದು.”

ಒಳಗಿನಿಂದ ಅಕ್ಕನ ದನಿ ಬಂತು. “ಹೇಳಾಕ ಬರಂಗಿಲ್ರಿ. ಕೇಳಬೇಕಾಗತೈತಿ.”

“ಹಂಗಾರ ನಾಳೆ ಕೇಳಸು.”

ಮರುದಿನ ಸಂಪಗಾಂವಕ್ಕೆ ಜೋಳ ತರಲು ಹೋಗಬೇಕಿತ್ತು. ನಾನು ಹೊರಡಲು ಸೆರಗು ಸರಿಮಾಡಿಕೊಂಡು ಬಂದರೆ ನನ್ನ ಜಾಗದಲ್ಲಿ ಭಾವನವರು ಕೂತಿದ್ದರು, ಬೆನ್ನಿಗೆ ಒಂದು ದಿಂಬು ಇಟ್ಟುಕೊಂಡು. ಗಾಡಿ ಓಡಿಸುವುದು ಬಿಟ್ಟ ಮೇಲೆ ಅವರು ಅದರೊಳಗೆ ಕೂತದ್ದನ್ನು ನಾನು ನೋಡಿರಲಿಲ್ಲ. ಅಕ್ಕ ಚಾವಿ ತಿರುವಿದಳು. ಭಾವನವರು ಕಿಟಕಿಯ ಗಾಜು ಏರಿಸಿದರು, ಓಣಿಯ ಗದ್ದಲ ಒಳಗೆ ಬಾರದಿರಲೆಂದು, ತಲೆಯನ್ನು ಇಂಜಿನ್ನಿನ ಕಡೆ ಸ್ವಲ್ಪ ಓರೆ ಮಾಡಿ ಕೂತರು.